ಮರಳಿ ಬಂದವರ ವಿಶ್ವಾಸ

(ಶತಮಾನೋತ್ಸವದ ಸಿದ್ಧತೆಯ ತ್ರಿದಿನ ಪ್ರಾರ್ಥನಾಕೂಟದ ಎರಡನೆಯ ಸಂಜೆ ಮಾಡಿದ ಉಪನ್ಯಾಸ)



ಈ ಸಂಜೆ ನಮಗೆ ಒಪ್ಪಿಸಿರುವ ವಿಷಯ ‘ವಿರೋಧದ ನಡುವೆ ವಿಶ್ವಾಸದಲ್ಲಿ ಸ್ಥಿರತೆ’ ಎಂಬುದು. ಇಂಥ ವಿಷಯ ಬಂದಾಗ ರಕ್ತಸಾಕ್ಷಿಗಳ ಚರಿತ್ರೆಯನ್ನು ಹೇಳುವುದು ವಾಡಿಕೆ. ಸಂತ ಸೆಬಾಸ್ಟಿಯನ್ನರ ಮೈಗೆ ನಾಟಿದ ಬಾಣಗಳನ್ನು ತಾವು ಜ್ಞಾನೋಪದೇಶದ ತರಗತಿಯಿಂದಲೇ ಬಲ್ಲಿರಿ. ನಮ್ಮ ದಕ್ಷಿಣ ದೇಶದವರೇ ಆದ, 1752ರ ಜನವರಿ 14ರಂದು ಅರಳ್ವಾಯ್ಮೊಳಿಯ ಗುಡ್ಡದ ಮೇಲೆ ಗುಂಡಿಗೆ ಬಲಿಯಾದ ದೇವಸಹಾಯಂ ಪಿಳ್ಳೆಯವರನ್ನು ಜಗದ್ಗುರು ಫ್ರಾನ್ಸಿಸರು 2022ರ ಮೇ 15ರಂದು ಸಂತರ ಪಂಕ್ತಿಗೆ ಸೇರಿಸಿದರು. ಅವರು ಗುರುಗಳಲ್ಲ, ಸಂಸಾರಸ್ಥರು. ಅವರೆಲ್ಲರ ಮುಂದೆ ನಾವು ತಲೆಬಾಗುತ್ತೇವೆ.

ಆದರೆ ಈ ಸಂಜೆ ನಾವು ಮಾತನಾಡಬೇಕೆಂದಿರುವುದು ರಕ್ತಸಾಕ್ಷಿಗಳಾಗದವರ ಬಗ್ಗೆ. ಎದುರಾಳಿಯ ಮುಂದೆ ನಿಲ್ಲಲಾರದೆ ಬಾಗಿದವರ ಬಗ್ಗೆ, ಬಾಗಿಯೂ ಹದಿನೈದು ವರ್ಷಗಳ ತರುವಾಯ ದೇವಾಲಯದ ಬಾಗಿಲಿಗೆ ಮರಳಿ ಬಂದವರ ಬಗ್ಗೆ. ಏಕೆಂದರೆ ನಮ್ಮ ಈ ಧರ್ಮಕೇಂದ್ರದಲ್ಲಿ, ದೇವರಾಜ ಅರಸು ಬಡಾವಣೆಯ ಮನೆಗಳಲ್ಲಿ, ಹರಿಹರದ ಕಾರ್ಖಾನೆಗಳನ್ನು ನಂಬಿ ಬಂದು ನೆಲೆಸಿದ ಕುಟುಂಬಗಳಲ್ಲಿ, ಕರಾವಳಿಯಿಂದ ಘಟ್ಟ ಹತ್ತಿ ಬಂದವರ ಸಂತತಿ ಕಡಿಮೆಯೇನಿಲ್ಲ. ಸೆರೆಯಿಂದ ಮರಳಿದವರ ಮರಿಮಕ್ಕಳ ಮಕ್ಕಳು ನಮ್ಮ ನಿಮ್ಮ ಬೆಂಚುಗಳಲ್ಲೇ ಕುಳಿತಿರಬಹುದು.

ಗೋವೆಯಿಂದ ಬಂದು ಕೆನರಾ ಸೀಮೆಯಲ್ಲಿ ನೆಲೆಸಿದ ಕಥೋಲಿಕರು ಅಲ್ಲಿ ಬೇಸಾಯ ಮಾಡಿಕೊಂಡು ಬದುಕಿದವರು. ಅವರು ಗೋವೆಯನ್ನು ಬಿಟ್ಟದ್ದಕ್ಕೆ ಕ್ಷಾಮ, ಯುದ್ಧ, ತೆರಿಗೆಗಳು ಕಾರಣವಾಗಿದ್ದವು. 1560ರಲ್ಲಿ ಅಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಶನ್ ನ್ಯಾಯಾಸ್ಥಾನದ ಭಯವೂ ಒಂದು ಕಾರಣವಾಗಿತ್ತು. ಮನಸ್ಸಾಕ್ಷಿಯ ಮೇಲಿನ ಬಲಾತ್ಕಾರ ಪರರ ಕೈಯಿಂದ ಮಾತ್ರ ಬಂದದ್ದಲ್ಲ, ನಮ್ಮವರ ಕೈಯಿಂದಲೂ ಬಂದಿತ್ತು. ಶತಮಾನೋತ್ಸವದ ಸಂಭ್ರಮದಲ್ಲಿ ಇದನ್ನು ಮುಚ್ಚಿಡುವುದು ತರವಲ್ಲ. ಹಾಗೆ ಬಂದವರಿಗೆ ನೆಲೆ ದೊರೆತದ್ದು ಕೆಳದಿಯ ಅರಸರ ರಾಜ್ಯದಲ್ಲಿ. ಕೆಳದಿ, ಇಕ್ಕೇರಿ, ಬಿದನೂರು ಇವೆಲ್ಲವೂ 1988ರಲ್ಲಿ ಸ್ಥಾಪನೆಯಾದ ನಮ್ಮ ಶಿವಮೊಗ್ಗ ಧರ್ಮಪ್ರಾಂತದ ಎಲ್ಲೆಯೊಳಗಿನ ಊರುಗಳು. ಶಿವಭಕ್ತರಾದ ಆ ಅರಸರ ಆಳಿಕೆಯಲ್ಲಿ ಕರಾವಳಿಯ ಚರ್ಚುಗಳು ಎದ್ದವು.

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಹೈದರನು ಕ್ರೈಸ್ತರನ್ನು ಹೆಚ್ಚು ಕಾಡಲಿಲ್ಲ. (ನಮ್ಮ ಈ ದಾವಣಗೆರೆಯೂ ಪೇಟೆಯಾಗಿ ಬೆಳೆಯತೊಡಗಿದ್ದು ಅವನ ಕಾಲದಲ್ಲಿಯೇ; ಆಪೋಜಿರಾಮ ಎಂಬ ಮರಾಠಾ ಸರದಾರನಿಗೆ ಅವನು ಇದನ್ನು ಜಹಗೀರಾಗಿ ಕೊಟ್ಟಿದ್ದನು.) ವಿಪತ್ತು ಬಂದದ್ದು ಮೈಸೂರಿಗೂ ಇಂಗ್ಲಿಷರಿಗೂ ನಡೆದ ಎರಡನೆಯ ಯುದ್ಧದಲ್ಲಿ. 1783ರಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯ ಮಂಗಳೂರನ್ನೂ ಬಿದನೂರನ್ನೂ ಹಿಡಿಯಿತು. ಕೆಲವೇ ತಿಂಗಳುಗಳಲ್ಲಿ ಟಿಪ್ಪು ಸುಲ್ತಾನನು ಬಿದನೂರನ್ನು ಮರಳಿ ಗೆದ್ದು, ಮಂಗಳೂರಿಗೆ ಮುತ್ತಿಗೆ ಹಾಕಿದನು. 1784ರ ಜನವರಿಯ ಕೊನೆಗೆ ಕೋಟೆ ಶರಣಾಯಿತು. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಅವರ ಮೇಲೆ ಬಿದ್ದಿತು. ಕೆಲವರು ನೆರವಾಗಿದ್ದಿರಬಹುದು. ಆದರೆ ದಂಡನೆ ಬಂದದ್ದು ತೊಟ್ಟಿಲ ಕೂಸಿನವರೆಗೆ.

ಆ ವರ್ಷದ ಫೆಬ್ರವರಿಯಲ್ಲಿ, ತಪಸ್ಸು ಕಾಲದ ಆರಂಭದ ವಿಭೂತಿ ಬುಧವಾರದ ಹೊತ್ತಿಗೆ, ಊರೂರುಗಳಲ್ಲಿ ಕ್ರೈಸ್ತರನ್ನು ಒಟ್ಟಿಗೆ ಸೆರೆಹಿಡಿಯಲಾಯಿತೆಂದು ಕರಾವಳಿಯ ನೆನಪು ಹೇಳುತ್ತದೆ. ಗುರುಗಳನ್ನು ಗಡೀಪಾರು ಮಾಡಲಾಯಿತು. ಜಮೀನುಗಳು ಜಪ್ತಾದವು, ದೇವಾಲಯಗಳು ನೆಲಸಮವಾದವು. ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ದೇವಾಲಯ ಉಳಿಯಿತು. ಅದನ್ನು ಉಳಿಸಿದವನು ಜೈನನಾದ ಚೌಟ ಅರಸನೆಂಬುದನ್ನು ಆ ಊರಿನವರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಸೆರೆಯಾದವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ? ಸೆರೆಯಲ್ಲಿದ್ದ ಸ್ಕರಿ ಎಂಬ ಇಂಗ್ಲಿಷ್ ನಾವಿಕನ ಲೆಕ್ಕ 30,000. ತರುವಾಯ ಬಂದ ಅಬ್ಬೆ ದುಬಾಯರ ಲೆಕ್ಕ 60,000. ಯಾವ ಲೆಕ್ಕವನ್ನು ಹಿಡಿದರೂ ಒಂದು ಸೀಮೆಯ ಇಡೀ ಸಭೆಯೇ ಬೇರು ಸಹಿತ ಕಿತ್ತುಹೋಯಿತು. ಹಿಂಗಾರಿನ ಬೆಳೆ ಮನೆ ಸೇರುವ ಕಾಲದಲ್ಲಿ ಮುದುಕರು, ಬಸುರಿಯರು, ಮಕ್ಕಳು ಘಟ್ಟದ ಕಾಡುಹಾದಿಯಲ್ಲಿ ನಡೆದರು. ದಾರಿಯಲ್ಲಿ ಸತ್ತವರಿಗೆ ಕಡೆಯ ಅಭ್ಯಂಗವನ್ನು ಕೊಡಲು ಗುರುಗಳಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಗಂಡಸರಿಗೆ ಬಲವಂತದಿಂದ ಸುನ್ನತಿ ಮಾಡಿಸಿ ಹೆಸರು ಬದಲಿಸಿದರು. ಹರೆಯದವರನ್ನು ಅಹಮದಿ ಎಂಬ ಪಡೆಗಳಿಗೆ ಸೇರಿಸಿದರು. ವಿರೋಧಿಸಿದವರಿಗೆ ಅಂಗಚ್ಛೇದದಂಥ ಶಿಕ್ಷೆಗಳಾದವು. ರೋಗ, ಹಸಿವು, ಯುದ್ಧ ಉಳಿದವರನ್ನು ಕರಗಿಸಿದವು.

ಇಲ್ಲಿ ಒಂದು ಕ್ಷಣ ತಡೆದು ಒಂದು ಮಾತನ್ನು ಹೇಳಬೇಕು. ಈ ಚರಿತ್ರೆಯನ್ನು ಹೇಳುವಾಗ ಕೆಲವರ ಧ್ವನಿ ಏರುವುದನ್ನು ನಾವು ಕೇಳಿದ್ದೇವೆ. ಹಾಗೆ ಏರಿಸುವವರು ಇನ್ನಷ್ಟು ಓದುವುದು ಒಳ್ಳೆಯದು. ಜನರನ್ನು ಊರಿಂದೂರಿಗೆ ಹೊರಿಸಿಕೊಂಡು ಹೋಗುವುದು ಆ ಕಾಲದ ಮೈಸೂರಿನ ರಾಜನೀತಿಯಾಗಿತ್ತು. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಹೈದರನು ನಮ್ಮ ನೆರೆಯ ಬೇಡ ನಾಯಕರ ಜನರನ್ನು ಸಾವಿರಗಟ್ಟಲೆ ಅದೇ ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದನು. ಕೊಡಗಿನವರಿಗೂ ಹಾಗೆಯೇ ಆಯಿತು. ಇದೇ ಟಿಪ್ಪು 1791ರಲ್ಲಿ ಮರಾಠಾ ದಂಡಿನ ಲೂಟಿಗೆ ಸಿಕ್ಕಿದ ಶೃಂಗೇರಿ ಮಠಕ್ಕೆ ನೆರವು ನೀಡಿದನು. ಒಬ್ಬ ಅರಸನು ಸಂಶಯದಿಂದ ಮಾಡಿದ ಕ್ರೌರ್ಯಕ್ಕೆ ಇಂದು ನಮ್ಮ ಬೀದಿಯಲ್ಲಿ ಅಂಗಡಿ ಇಟ್ಟಿರುವ, ಕ್ರಿಸ್ಮಸ್ಸಿಗೆ ನಮ್ಮ ಮನೆಯ ಕೇಕನ್ನು ತಿಂದು ರಂಜಾನಿಗೆ ನಮಗೆ ಊಟ ಕಳುಹಿಸುವ ನೆರೆಯವರು ಉತ್ತರ ಹೇಳಬೇಕಾದವರಲ್ಲ. ಅವರ ಮೇಲೆ ಕೋಪವನ್ನು ಬೆಳೆಸಿಕೊಳ್ಳುವುದಕ್ಕೆ ಈ ಕಥೆಯನ್ನು ಬಳಸುವವರು ಆ ಸೆರೆಯಾಳುಗಳ ಕಷ್ಟವನ್ನು ಎರಡನೆಯ ಸಲ ಲೂಟಿ ಮಾಡುತ್ತಾರೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸೆರೆಯ ಬಾಗಿಲು ತೆರೆಯಿತು. ಬದುಕುಳಿದವರು ಏನು ಮಾಡಿದರು?

ಆ ಹದಿನೈದು ವರ್ಷಗಳನ್ನು ಸ್ವಲ್ಪ ಎಣಿಸಿ ನೋಡಿ. 1784ರಲ್ಲಿ ತಾಯಿಯ ಸೊಂಟದ ಮೇಲೆ ಘಟ್ಟ ಹತ್ತಿದ ಮಗು 1799ರಲ್ಲಿ ಹದಿನಾರರ ಹರೆಯಕ್ಕೆ ಬಂದಿತ್ತು. ಅದು ಬಲಿಪೂಜೆಯನ್ನು ಕಂಡದ್ದಿಲ್ಲ, ಗಂಟೆಯನ್ನು ಕೇಳಿದ್ದಿಲ್ಲ. ಅದನ್ನು ಜನ ಕರೆಯುತ್ತಿದ್ದುದು ಬೇರೊಂದು ಹೆಸರಿನಿಂದ. ಆ ಹರೆಯದವರಿಗೆ ಸುಲಭವಾದ ಹಾದಿ ಯಾವುದು? ಇದ್ದಲ್ಲಿಯೇ ಇದ್ದುಬಿಡುವುದು. ಕೆಲವರು ಹಾಗೆಯೇ ಇದ್ದರು. ಅವರ ಮೇಲೆ ಕಲ್ಲೆಸೆಯುವ ಅಧಿಕಾರ ನಮಗಿಲ್ಲ. ಆದರೆ ಸಾವಿರಾರು ಜನ ಎದ್ದು ಹೊರಟರು. ಅವರು ಮಂಗಳೂರಿಗೆ, ಬಾರ್ಕೂರಿಗೆ, ಕೆಡವಿಹೋದ ದೇವಾಲಯಗಳ ಬುಡಕ್ಕೆ, ಪರರ ಪಾಲಾದ ಗದ್ದೆಗಳ ಅಂಚಿಗೆ ಮರಳಿದರು. ಇನ್ನು ಕೆಲವರು ಅದಕ್ಕೂ ಮೊದಲೇ ತಪ್ಪಿಸಿಕೊಂಡು ಕೊಡಗನ್ನು ಸೇರಿದ್ದರು. ದೊಡ್ಡ ವೀರರಾಜೇಂದ್ರ ಒಡೆಯನು ಅವರಿಗೆ ನೆಲ ಕೊಟ್ಟನು. 1792ರಲ್ಲಿ ಹುಟ್ಟಿದ ವೀರರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ದೇವಾಲಯ ಊರಿನಷ್ಟೇ ಹಳೆಯದು.

ಆ ಹದಿನಾರರ ಹುಡುಗನಿಗೆ ತಾನು ಕ್ರೈಸ್ತನೆಂದು ಹೇಳಿಕೊಟ್ಟವರು ಯಾರು? ಗುರುಗಳಿರಲಿಲ್ಲ, ಉಪದೇಶಿಗಳಿರಲಿಲ್ಲ, ಪುಸ್ತಕವಿರಲಿಲ್ಲ. ಉಳಿದದ್ದು ತಾಯಿಯ ಬಾಯಿ. ದೀಪ ಆರಿಸಿದ ಮೇಲೆ ಕಿವಿಯಲ್ಲಿ ಕೊಂಕಣಿಯಲ್ಲಿ ಹೇಳಿಕೊಟ್ಟ ‘ನಮೋ ಮರಿಯಾ’ ಪ್ರಾರ್ಥನೆ, ಬೆರಳ ಗೆಣ್ಣುಗಳ ಮೇಲೆ ಎಣಿಸಿದ ಜಪಸರ, ಹೊರಗೆ ಕರೆಯದ ಆದರೆ ಒಳಗೆ ಮರೆಯದ ಜ್ಞಾನಸ್ನಾನದ ಹೆಸರು, ಇವಿಷ್ಟೇ ಇದ್ದಿರಬೇಕು. ಇದಕ್ಕೆ ದಾಖಲೆ ಕೇಳಿದರೆ ಮರಳಿ ಬಂದ ಆ ಜನರೇ ದಾಖಲೆ. ಬೇರೆ ಯಾವ ದಾರಿಯಿಂದಲೂ ವಿಶ್ವಾಸ ಆ ಪೀಳಿಗೆಗೆ ಮುಟ್ಟಲು ಸಾಧ್ಯವಿರಲಿಲ್ಲ.

ಈಗ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ತಮ್ಮ ಮುಂದಿಡಬೇಕು. ಶ್ರೀರಂಗಪಟ್ಟಣ ಬಿದ್ದ ಬಳಿಕ ಅಲ್ಲಿಯ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದವರು ಪ್ಯಾರಿಸ್ ವಿದೇಶ ಮಿಷನ್ನಿನ ಫ್ರೆಂಚ್ ಗುರು ಅಬ್ಬೆ ದುಬಾಯರು. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, ಮೈಸೂರು ಸೀಮೆಯಲ್ಲಿ 1823ರವರೆಗೆ ದುಡಿದವರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಕ್ರೈಸ್ತ ಬೇಸಾಯಗಾರರ ನೆಲೆಯನ್ನು ಕಟ್ಟಿದವರು. ಸಿಡುಬಿನ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿಸಿದವರು. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಅಂಥವರು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳ ಪುಸ್ತಕದಲ್ಲಿ ಈ ಸೆರೆಯಾಳುಗಳ ಬಗ್ಗೆ ಕಠಿಣವಾಗಿ ಬರೆದರು. ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬನಿಗೂ ಬರಲಿಲ್ಲವೆಂಬುದು ಅವರ ದೂರಿನ ತಾತ್ಪರ್ಯ.

ಈ ಮಾತನ್ನು ನಾವು ಗುರುಮಠದ ಗ್ರಂಥಾಲಯದಲ್ಲಿ ಮೊದಲ ಬಾರಿಗೆ ಓದಿದಾಗ ನಮಗೆ ನೋವಾಯಿತು. ಇಂದಿಗೂ ಆಗುತ್ತದೆ. ಒಬ್ಬನೂ ಇರಲಿಲ್ಲವೆಂಬುದನ್ನು ನಾವು ಒಪ್ಪಲಾರೆವು. ಶಿಕ್ಷೆಗೊಳಗಾದವರು ಇದ್ದರೆಂದು ಸೆರೆಯಲ್ಲಿದ್ದವರ ಬರಹಗಳೇ ಹೇಳುತ್ತವೆ. ಆದರೆ ಬಹುಮಂದಿ ಬಾಗಿದರೆಂಬುದು ನಿಜ. ಅದನ್ನು ಅಲ್ಲಗಳೆದು ಎಲ್ಲರನ್ನೂ ವೀರರನ್ನಾಗಿ ಮಾಡುವುದು ನಮ್ಮ ಉತ್ಸವದ ಪುಸ್ತಕಗಳ ಒಂದು ದೌರ್ಬಲ್ಯ. ದುಬಾಯರು ಕಂಡ ಸಂಗತಿ ಸರಿ. ಅದರಿಂದ ಅವರು ತೆಗೆದ ತೀರ್ಮಾನ ಅರ್ಧ ಮಾತ್ರ. ವಿಶ್ವಾಸವನ್ನು ಅವರು ಒಂದು ದಿನದ ಪರೀಕ್ಷೆಯಂತೆ ಅಳೆದರು. ಈ ಜನ ಹದಿನೈದು ವರ್ಷಗಳ ಪರೀಕ್ಷೆಯನ್ನು ಬರೆದಿದ್ದರು.

ವಿಚಿತ್ರವೆಂದರೆ, ಪುಸ್ತಕದಲ್ಲಿ ಅಷ್ಟು ಕಠಿಣರಾದ ಅದೇ ದುಬಾಯರು ಶ್ರೀರಂಗಪಟ್ಟಣದಲ್ಲಿ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಬಂದವರ ಪಾಪನಿವೇದನೆಯನ್ನು ಕೇಳಿದರು, ಅವರನ್ನು ಧರ್ಮಸಭೆಯೊಳಗೆ ಮರಳಿ ಸೇರಿಸಿಕೊಂಡರು, ಗಂಜಾಮಿನಲ್ಲಿ ದೇವಾಲಯವನ್ನು ಕಟ್ಟಿಸಿದರು. ಅವರ ಲೇಖನಿಗಿಂತ ಅವರ ಗುರುತ್ವ ದೊಡ್ಡದಾಗಿತ್ತು. ಗುರುಗಳಾದ ನಾವೆಲ್ಲರೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಪ್ರಸಂಗದಲ್ಲಿ ಗುಡುಗುವುದು ಸುಲಭ.

ಈ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. 250ರಲ್ಲಿ ರೋಮಿನ ದೇಸಿಯುಸ್ ಚಕ್ರವರ್ತಿಯು ಎಲ್ಲ ಪ್ರಜೆಗಳೂ ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞಾಪಿಸಿದನು. ಜಗದ್ಗುರು ಫಬಿಯಾನರು ಪ್ರಾಣ ಕೊಟ್ಟರು. ಬಹಳ ಜನ ಧೂಪ ಹಾಕಿದರು. ಕೆಲವರು ಧೂಪ ಹಾಕದೆಯೇ ಹಣ ಕೊಟ್ಟು ಪತ್ರ ಕೊಂಡರು. ಹಿಂಸೆ ನಿಂತಾಗ ಇವರೆಲ್ಲ ಅಳುತ್ತಾ ಮರಳಿದರು. ಅವರನ್ನು ಎಂದೆಂದಿಗೂ ಸೇರಿಸಕೂಡದೆಂದು ನೋವಾತಿಯಾನುಸನೆಂಬ ಗುರು ಹಟ ಹಿಡಿದು ಸಭೆಯನ್ನೇ ಒಡೆದನು. ಯಾವ ಪ್ರಾಯಶ್ಚಿತ್ತವೂ ಇಲ್ಲದೆ ಕೂಡಲೇ ಸೇರಿಸಿಕೊಳ್ಳಿರೆಂದು ಇನ್ನೊಂದು ಪಕ್ಷ ಒತ್ತಾಯಿಸಿತು. ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯಾನರೂ ರೋಮಿನ ಜಗದ್ಗುರು ಸಂತ ಕೊರ್ನೇಲಿಯರೂ ನಡುವಣ ಹಾದಿಯನ್ನು ಹಿಡಿದರು: ತಪ್ಪು ತಪ್ಪೇ, ಪ್ರಾಯಶ್ಚಿತ್ತ ಬೇಕು, ಬಾಗಿಲು ಮಾತ್ರ ಮುಚ್ಚಬಾರದು. ಸಿಪ್ರಿಯಾನರು ಮೃದು ಮನಸ್ಸಿನ ಹೇಡಿಯೆಂದು ಯಾರೂ ತಿಳಿಯಬೇಡಿ. ದೇಸಿಯುಸನ ಕಾಲದಲ್ಲಿ ಅವರು ಅಡಗಿದ್ದು ಹೌದು. ಆದರೆ 258ರ ಸೆಪ್ಟೆಂಬರ್ 14ರಂದು ಅವರೇ ಕತ್ತಿಗೆ ಕೊರಳೊಡ್ಡಿದರು.

ಅದಕ್ಕೂ ಹಿಂದೆ ಪೇತ್ರರಿದ್ದಾರೆ. ಚಳಿ ಕಾಯಿಸಿಕೊಳ್ಳುತ್ತಾ ಒಬ್ಬ ದಾಸಿಯ ಪ್ರಶ್ನೆಗೆ ಹೆದರಿದವರ ಕೈಗೇ ಯೇಸುಸ್ವಾಮಿ, ಸರೋವರದ ದಡದಲ್ಲಿ, ತಮ್ಮ ಕುರಿಗಳನ್ನು ಒಪ್ಪಿಸಿದರು. ಇದು ತಮಗೆ ಗೊತ್ತಿರುವುದೇ.

1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಹೊರಡಿಸಿ, ವಿಶ್ವಾಸದ ವಿಷಯದಲ್ಲಿ ಯಾವ ಮಾನವನನ್ನೂ ಬಲಾತ್ಕರಿಸಕೂಡದೆಂದು ಸಾರಿತು. ಒತ್ತಾಯದಿಂದ ಆಡಿಸಿದ ವಿಶ್ವಾಸ ವಿಶ್ವಾಸವಲ್ಲ. ಹಾಗಾದರೆ ಒತ್ತಾಯದಿಂದ ಆಡಿಸಿದ ನಿರಾಕರಣೆ? ನೀತಿಶಾಸ್ತ್ರ ನಮಗೆ ಕಲಿಸಿದ್ದು, ಭಯವು ದೋಷವನ್ನು ಕಡಿಮೆ ಮಾಡುತ್ತದೆ, ಯಾವಾಗಲೂ ಇಲ್ಲವಾಗಿಸುವುದಿಲ್ಲ ಎಂದು. ಎಷ್ಟು ಕಡಿಮೆ ಎಂಬ ತೂಕ ದೇವರ ಕೈಯಲ್ಲಿದೆ. ಮಗುವಿನ ಕೊರಳಿನ ಮೇಲೆ ಕತ್ತಿ ಇಟ್ಟಾಗ ತಂದೆ ಏನು ಹೇಳಿದನೆಂಬುದನ್ನು ತೂಗಲು ನಮ್ಮ ತಕ್ಕಡಿ ಸಾಲದು.

ದುಬಾಯರ ಸಂಘದವರೇ ಆದ ಇನ್ನೊಬ್ಬ ಫ್ರೆಂಚ್ ಗುರು, ಪೆತಿಜಾನ್ ಸ್ವಾಮಿಯವರು, ಜಪಾನಿನ ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ದೇವಾಲಯದಲ್ಲಿ 1865ರ ಮಾರ್ಚ್ 17ರಂದು ಪ್ರಾರ್ಥಿಸುತ್ತಿದ್ದಾಗ ಒಂದಿಷ್ಟು ಬಡ ಹಳ್ಳಿಗರು ಬಂದರು. ಸುತ್ತ ನೋಡಿ, ತಮ್ಮ ಮನಸ್ಸೂ ಗುರುಗಳ ಮನಸ್ಸೂ ಒಂದೇ ಎಂದು ಮೆಲ್ಲಗೆ ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಎರಡು ಶತಮಾನಕ್ಕೂ ಮೀರಿ ಗುರುಗಳಿಲ್ಲದೆ ಉಳಿದ ಕ್ರೈಸ್ತರು ಅವರು. ಅವರ ಹಿರಿಯರು ಪ್ರತಿವರ್ಷ ಅಧಿಕಾರಿಗಳ ಮುಂದೆ ಪವಿತ್ರ ಚಿತ್ರವನ್ನು ಕಾಲಿನಿಂದ ತುಳಿದು ತೋರಿಸಬೇಕಾಗಿತ್ತು. ತುಳಿದು, ಮನೆಗೆ ಬಂದು, ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿ, ಮಕ್ಕಳಿಗೂ ಕಲಿಸುತ್ತಿದ್ದರು.

ಇನ್ನು ನಮ್ಮ ಕಾಲ. 2008ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ಭಾನುವಾರ, ಮಂಗಳೂರಿನ ಆರಾಧನಾ ಮಠದ ಪ್ರಾರ್ಥನಾಲಯದ ಮೇಲೆ ದಾಳಿಯಾಗಿ ಪರಮಪ್ರಸಾದಕ್ಕೆ ಅಪಮಾನವಾಯಿತು. ಆ ದಿನಗಳ ದಾಳಿಗಳ ಬಗ್ಗೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಅವರ ಆಯೋಗ ವಿಚಾರಣೆ ನಡೆಸಿ 2011ರಲ್ಲಿ ವರದಿ ಕೊಟ್ಟಿತು. ಅದನ್ನು ಮರೆಯುವಂತಿಲ್ಲ, ಸಂವಿಧಾನದ 25ನೆಯ ವಿಧಿ ನಮಗೂ ಸೇರಿದ್ದೆಂದು ಹೇಳುತ್ತಲೇ ಇರಬೇಕು.

ಆದರೆ ನಿಜ ಹೇಳಬೇಕೆಂದರೆ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಕೊರಳಿಗೆ ಯಾರೂ ಕತ್ತಿ ಹಿಡಿದಿಲ್ಲ. ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ, ಅದು 2019ರಲ್ಲಿ ಬಸಿಲಿಕಾ ಪದವಿಯನ್ನು ಪಡೆಯುವ ಎಷ್ಟೋ ಮೊದಲಿನಿಂದಲೂ, ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿ ಮತಗಳವರು ಹೂವು, ಮೇಣದಬತ್ತಿ ಹಿಡಿದು ಬರುತ್ತಾರೆ. ನಮಗೆ ಬರುವ ವಿರೋಧ ಸಣ್ಣದು. ಬಾಡಿಗೆ ಮನೆ ನೋಡಲು ಹೋದಾಗ ಹೆಸರು ಕೇಳಿ ಮನೆಯೊಡೆಯರ ಮುಖ ಬದಲಾಗುವುದು. ಕಚೇರಿಯಲ್ಲಿ ‘ನಿಮ್ಮವರು ಹಣ ಕೊಟ್ಟು ಸೇರಿಸಿಕೊಳ್ಳುತ್ತೀರಂತೆ’ ಎಂಬ ನಗೆಮಾತು. ಹಾಸ್ಟೆಲಿಗೆ ಹೊರಟ ಹುಡುಗನು ಬಸ್ ನಿಲ್ದಾಣದಲ್ಲಿ ಕೊರಳಿನ ಶಿಲುಬೆಯನ್ನು ಅಂಗಿಯೊಳಗೆ ಸೇರಿಸಿಕೊಳ್ಳುವುದು. ಆ ಹುಡುಗನನ್ನು ನಾವು ಗದರಿಸುವುದಿಲ್ಲ. ಶ್ರೀರಂಗಪಟ್ಟಣದ ತಾಯಂದಿರೂ ಒಳಗೇ ಇಟ್ಟುಕೊಂಡಿದ್ದರು. ಅವನನ್ನು ನಾವು ಕೇಳುವುದು ಬೇರೆ: ಅಂಗಿಯೊಳಗಿನ ಆ ಶಿಲುಬೆಯ ಮುಂದೆ ರಾತ್ರಿ ಒಂದು ಪ್ರಾರ್ಥನೆಯಾದರೂ ಆಗುತ್ತಿದೆಯೇ? ಸೆರೆಯ ಕತ್ತಲೆಯಲ್ಲಿ ಗುರುಗಳಿಲ್ಲದೆ ಉಳಿದ ಜಪಸರ, ಮೂರು ದೂರದರ್ಶನ ಧಾರಾವಾಹಿಗಳ ಬೆಳಕಿನಲ್ಲಿ, ದೇವಾಲಯದ ಗಂಟೆ ಕೇಳುವ ದೂರದಲ್ಲಿ, ನಿಂತುಹೋಗಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂಬುದು ತಮಗೂ ಗೊತ್ತು.

ಮತ್ತೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ಈ ಶತಮಾನೋತ್ಸವಕ್ಕಾಗಿ ತೆರೆದು ನೋಡಿದಾಗ, ಈ ಊರಿನಲ್ಲೇ ಇದ್ದು ದೇವಾಲಯಕ್ಕೆ ಬಾರದವರ ಹೆಸರುಗಳು ಪುಟಪುಟಕ್ಕೂ ಕಂಡವು. ಪರಧರ್ಮದವರನ್ನು ಮದುವೆಯಾಗಿ ಹೋದವರು, ಸಾಲಸೋಲದಲ್ಲಿ ನಾಚಿ ದೂರವಾದವರು, ಯಾವುದೋ ಹಬ್ಬದ ಲೆಕ್ಕಪತ್ರದ ಜಗಳದಲ್ಲಿ ಮುನಿದವರು, ನೆರೆಯವರ ಮಾತಿಗೆ ಹೆದರಿ ‘ನಾವು ಚರ್ಚಿನವರಲ್ಲ’ ಎಂದು ಹೇಳಿಕೊಂಡವರು. ಅವರಲ್ಲಿ ಕೆಲವರು ಕ್ರಿಸ್ಮಸ್ ರಾತ್ರಿ ಬಂದು ಹಿಂದಿನ ಬಾಗಿಲ ಬಳಿ ನಿಲ್ಲುತ್ತಾರೆ. ಆಗ ನಮ್ಮ ಬೆಂಚುಗಳಿಂದ ತಿರುಗುವ ನೋಟಗಳನ್ನು ನಾವು ಪೀಠದ ಮೇಲಿನಿಂದ ಕಂಡಿದ್ದೇವೆ. ನೋವಾತಿಯಾನುಸನು ಸತ್ತು ಸಾವಿರದ ಏಳುನೂರು ವರ್ಷಗಳಾಗಿದ್ದರೂ ಅವನ ಶಿಷ್ಯರು ದಾವಣಗೆರೆಯಲ್ಲಿ ಇಲ್ಲವೆಂದು ಹೇಳುವಂತಿಲ್ಲ. ಶ್ರೀರಂಗಪಟ್ಟಣದಿಂದ ಬೇರೆ ಹೆಸರು ಹೊತ್ತು, ಸುನ್ನತಿಯ ಗುರುತು ಹೊತ್ತು, ಚಿಂದಿ ಉಟ್ಟು ಮರಳಿದ ಜನರನ್ನು ಅಂದಿನ ಸಭೆ ಇಂಥ ನೋಟದಿಂದಲೇ ಎದುರುಗೊಂಡಿದ್ದರೆ, ನಮ್ಮಲ್ಲಿ ಹಲವರು ಈ ಸಂಜೆ ಇಲ್ಲಿ ಕುಳಿತಿರುತ್ತಿರಲಿಲ್ಲ.

ಆದುದರಿಂದ ಸಮಿತಿಯವರೊಡನೆ ಮಾತನಾಡಿ ಒಂದು ಏರ್ಪಾಡು ಮಾಡಿದ್ದೇವೆ. ಉತ್ಸವದ ತಿಂಗಳು ಮುಗಿಯುವವರೆಗೆ ಪ್ರತಿ ಶನಿವಾರ ಸಂಜೆ ನಾಲ್ಕರಿಂದ ಏಳರವರೆಗೆ ನಾವು ಪಾಪನಿವೇದನೆಯ ಪೀಠದಲ್ಲಿ ಕುಳಿತಿರುತ್ತೇವೆ. ನೆರೆಯ ಧರ್ಮಕೇಂದ್ರದ ಒಬ್ಬ ಸ್ವಾಮಿಯವರೂ ಬಂದಿರುತ್ತಾರೆ, ನಮ್ಮ ಮುಂದೆ ಹೇಳಲು ಸಂಕೋಚವಿರುವವರಿಗಾಗಿ. ವಲಯಗಳ ಹಿರಿಯರು ದಾಖಲೆ ಪುಸ್ತಕದಿಂದ ಬರೆದುಕೊಂಡ ಹೆಸರುಗಳ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗಲಿ. ವಂತಿಗೆಯ ರಸೀದಿ ಪುಸ್ತಕವನ್ನು ಕೊಂಡೊಯ್ಯುವುದು ಬೇಡ. ಇಷ್ಟು ದಿನ ಏಕೆ ಬರಲಿಲ್ಲವೆಂದು ಕೇಳುವುದೂ ಬೇಡ. ಹಬ್ಬದ ಬಲಿಪೂಜೆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಎಂದು ಹೇಳಿ ಬನ್ನಿರಿ. ಮುಂದಿನ ಎರಡು ಬೆಂಚುಗಳನ್ನು ಅವರಿಗಾಗಿ ಬಿಟ್ಟಿರುತ್ತೇವೆ.